ಗೋಡೆಯೊಳಗಿನ ಕೇಬಲ್ಲು, ಫೈಲಿನೊಳಗಿನ ನಕ್ಷೆ

ನನ್ನ ಮನೆಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುವುದು ಒಂದು ಹಳದಿ ಫೈಲಿಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾಶಿಕದಲ್ಲಿ ಮನೆ ಕಟ್ಟಿಸುವಾಗ ನಲ್ಲಿಯ ಪೈಪು ಎಲ್ಲಿ ತಿರುಗುತ್ತದೆ, ಕರೆಂಟಿನ ತಂತಿ ಯಾವ ಮೂಲೆಯಲ್ಲಿ ಮೇಲೆ ಹತ್ತುತ್ತದೆ, ಟಿ.ವಿ. ಕೇಬಲ್ಲು ಯಾವ ಗೋಡೆಯೊಳಗೆ ಮಲಗಿದೆ ಎಂಬುದನ್ನೆಲ್ಲ ಪೆನ್ಸಿಲಿನಲ್ಲಿ ಅಳತೆ ಸಮೇತ ಬರೆದು ಆ ಫೈಲಿನಲ್ಲಿಟ್ಟಿದ್ದೇನೆ. ನಕ್ಷೆಯ ಕೆಳಗೆ ಮೂರು ಚೌಕಗಳು: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮೂರರಲ್ಲೂ ನನ್ನದೇ ಸಹಿ.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡು ಅಂಟಿಸಿದ್ದು. ಬೀದರಿನಿಂದ ಬಂದ ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದವನು. ಅಲ್ಲಿ ಒಂದು ತಂತಿಯನ್ನು ಬೆರಳಿನಷ್ಟು ಆಚೆ ಸರಿಸಬೇಕಾದರೂ ಕಾಗದ ಬೇಕು, ಕಾಗದದ ಮೇಲೆ ಇನ್ನೊಬ್ಬರ ಸಹಿ ಬೇಕು. ಅಂಥ ಕಡೆ ಅರ್ಧ ಆಯುಷ್ಯ ಕಳೆದವನು ಮನೆಯಲ್ಲಿ ಉಪ್ಪಿನ ಡಬ್ಬಿ ಜಾಗ ಬದಲಿಸಿದರೂ ಕಾರಣ ಕೇಳುತ್ತಾನೆ. ನನ್ನ ಹೆಂಡತಿ ಶಾಂತಾ ಅದಕ್ಕೆಲ್ಲ ಸುಮ್ಮನೆ ನಕ್ಕುಬಿಡುತ್ತಿದ್ದಳು. ಆ ನಗುವಿನ ಅರ್ಥವನ್ನು ನಾನು ಪರಿಶೀಲಿಸಲಿಲ್ಲ.

ಹತ್ತು ವರ್ಷದ ಹಿಂದೆ ಶಾಂತಾಳಿಗೆ ಒಂದು ಹುರುಪು ಬಂತು. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲೂಕು ಊರಿದೆ. ಅಲ್ಲಿ ಅವಳ ತಮ್ಮನದು ಬಟ್ಟೆ ಅಂಗಡಿ. ಅವನ ಮಗಳು ಸಾನಿಕಾ ಕನ್ನಡ ಊರಿನಲ್ಲಿ ಹುಟ್ಟಿ ಬೆಳೆದರೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುವವಳು. ಇಲ್ಲಿ ಓಝರ್ ಕಾಲೊನಿಯ ನಾಲ್ಕು ಮಕ್ಕಳ ಕಥೆಯೂ ಅದೇ. ಐವರನ್ನೂ ಅವರವರ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂಡಿಸಿ ಪ್ರತಿ ಭಾನುವಾರ ವಿಡಿಯೋದಲ್ಲಿ ಕನ್ನಡ ಕಲಿಸುತ್ತೇನೆ ಎಂದಳು. ಮದುವೆಗೆ ಮುಂಚೆ ಅವಳು ಬೀದರಿನಲ್ಲಿ ಎರಡು ವರ್ಷ ಶಾಲೆಯಲ್ಲಿ ಕಲಿಸಿದ್ದಳು. ನನ್ನ ಜೊತೆ ಇಲ್ಲಿಗೆ ಬಂದ ಮೇಲೆ ಅದು ನಿಂತುಹೋಗಿತ್ತು. ಈಗ ಅವಳು ಹೊಸ ನೋಟುಬುಕ್ಕು ತಂದು, ಮೊದಲ ಪಾಠವನ್ನು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದ್ದನ್ನು ನೋಡಿ, ಇದು ಮಕ್ಕಳಿಗಿಂತ ಅವಳಿಗೇ ಹೆಚ್ಚು ಬೇಕಾಗಿದೆ ಎಂದು ನನಗೆ ಅನ್ನಿಸಿತು.

ತೊಡಕು ಒಂದೇ. ಇಂಟರ್ನೆಟ್ಟಿನ ಡಬ್ಬಿ ಕೆಳಗಿನ ಹಾಲಿನಲ್ಲಿ, ಗದ್ದಲವಿಲ್ಲದ ಕೋಣೆ ಮೇಲೆ. ನಡುವೆ ನಾನೇ ನಿಂತು ಹಾಕಿಸಿದ ದಪ್ಪ ಸ್ಲ್ಯಾಬು. ವೈ-ಫೈ ಅದನ್ನು ದಾಟಿ ಮೇಲೆ ಬರುವಷ್ಟರಲ್ಲಿ ಉಸಿರು ಬಿಟ್ಟಿರುತ್ತಿತ್ತು. ಅಭ್ಯಾಸಕ್ಕೆಂದು ತಮ್ಮನಿಗೆ ವಿಡಿಯೋ ಹಚ್ಚಿದರೆ ಅವನು ಬಾಯಿ ತೆರೆದವನು ತೆರೆದೇ ಉಳಿದ. ಮಕ್ಕಳು ಇಂಥದ್ದನ್ನು ಒಂದು ಭಾನುವಾರ ಸಹಿಸಿಯಾರು, ಎರಡನೆಯದಕ್ಕೆ ಬರಲಿಕ್ಕಿಲ್ಲ. ಹೊಸ ತಂತಿ ಎಳೆಯೋಣವೆಂದರೆ ಮನೆಗೆ ಆಗತಾನೇ ಬಣ್ಣ ಬಳಿಸಿದ್ದೆವು, ಗೋಡೆಗೆ ಒಂದು ಮೊಳೆ ಹೊಡೆಯಲೂ ಶಾಂತಾ ಬಿಡುವಂತಿರಲಿಲ್ಲ.

ಆಗ ನೆನಪಾದದ್ದು ಗೋಡೆಯೊಳಗಿನ ಹಳೆಯ ಟಿ.ವಿ. ಕೇಬಲ್ಲು. ಮನೆಗೆ ಡಿಶ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಅದರ ರಚನೆಯನ್ನು ನೀವು ಒಮ್ಮೆ ನೋಡಬೇಕು. ನಡುವೆ ತಾಮ್ರದ ಒಂದು ತಂತಿ, ಸುತ್ತ ಬಿಳಿ ಮೆತ್ತೆ, ಅದರ ಮೇಲೆ ಜಾಳಿಗೆ, ಎಲ್ಲಕ್ಕೂ ಮೇಲೆ ಕರಿ ಅಂಗಿ. ಹೊರಗಿನ ಗಲಾಟೆ ಒಳಕ್ಕೆ ಇಳಿಯದಂತೆ ಕಾಯುವುದು ಆ ಜಾಳಿಗೆಯ ಕೆಲಸ. ಎರಡು ತುದಿಗೂ ಒಂದೊಂದು ಪುಟ್ಟ ಡಬ್ಬಿ ಜೋಡಿಸಿದರೆ ಅದೇ ಕೇಬಲ್ಲಿನಲ್ಲಿ ಇಂಟರ್ನೆಟ್ಟು ಹರಿಯುತ್ತದೆ. ಡಬ್ಬಿಗಳನ್ನು ತರಿಸಿದೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಒಂದು ಎಚ್ಚರಿಕೆ ಇತ್ತು: ನಿಮ್ಮ ಮನೆಯ ಸಿಗ್ನಲ್ಲು ಕೇಬಲ್ಲಿನ ಮೂಲಕ ಪಕ್ಕದ ಮನೆಗೆ ಹೋಗದಂತೆ ಒಂದು ಫಿಲ್ಟರು ಹಾಕಿರಿ. ಎಷ್ಟು ಶಿಸ್ತಿನವರು ಎಂದು ಮೆಚ್ಚಿ ಅದನ್ನೂ ತರಿಸಿದೆ.

ಗುರುವಾರ ಜೋಡಿಸಿದೆ. ಹಸಿರು ದೀಪ ಹತ್ತಲಿಲ್ಲ. ನಕ್ಷೆ ತೆಗೆದೆ. ಕೇಬಲ್ಲು ಹಾಲಿನಿಂದ ಮೆಟ್ಟಿಲ ಮೇಲಿನ ಜೋಡಣೆ ಪೆಟ್ಟಿಗೆಗೆ, ಅಲ್ಲಿಂದ ಮೇಲಿನ ಕೋಣೆಯ ಸಾಕೆಟ್ಟಿಗೆ, ಎಲ್ಲ ಸರಿಯಾಗಿತ್ತು. ಶುಕ್ರವಾರ ಕೇಬಲ್ಲಿನ ತುದಿಯ ಕೀಲು ಬದಲಿಸಿದೆ. ಶನಿವಾರ ಬೆಳಿಗ್ಗೆ ಮೀಟರು ಹಿಡಿದು ಗೋಡೆಗೆ ಕಿವಿ ಹಚ್ಚಿ ನಿಂತೆ. ಕಿವಿಗೆ ಏನು ಕೇಳಬೇಕಿತ್ತೋ ನನಗೂ ಗೊತ್ತಿಲ್ಲ. ತಂತಿ ಒಳಗೆಲ್ಲೋ ತುಂಡಾಗಿದೆ, ಗೋಡೆ ಒಡೆಯದೆ ಗತಿಯಿಲ್ಲ ಎಂದು ಸುತ್ತಿಗೆ ತಂದೆ. ಶಾಂತಾ ಬಂದು ಬಾಗಿಲಲ್ಲಿ ನಿಂತಳು.

"ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟ್ ಮಾಡ್ಕೋಬ್ಯಾಡ್ರಿ. ಆ ವೈರ್ ಈ ಗ್ವಾಡ್ಯಾಗ ಇಲ್ರಿ."

"ಇಲ್ಲಂದ್ರ? ನಕ್ಷಾದಾಗ ಅದ ಅಲ್ಲಾ!"

"ನಕ್ಷಾದಾಗ ಇರ್ತದ್ರಿ. ಖರೆ ವೈರ್ ಬಾಜೂ ಆಜಿ ಮನ್ಯಾಗ ಅದ."

ನಮ್ಮದು ಸಾಲುಮನೆ. ಪಕ್ಕದ ಮನೆಯ ಮರಾಠಿ ಆಜಿ ಹಿಂದೊಮ್ಮೆ ಕಾಲು ಮುರಿದುಕೊಂಡು ಮಹಡಿಯ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಳು. ಮೊಮ್ಮಕ್ಕಳ ಪರೀಕ್ಷೆಯೆಂದು ಅವಳ ಮಗ ಮನೆಗೆ ಕೇಬಲ್ಲೇ ಬೇಡವೆಂದಿದ್ದ. ನಾನು ಶಿಫ್ಟಿಗೆ ಹೋದ ಒಂದು ದಿನ ಶಾಂತಾ ಕೇಬಲಿನವನನ್ನು ಕರೆಸಿ, ನಮ್ಮ ಮೇಲಿನ ಕೋಣೆಯ ತಂತಿಯನ್ನು ಪೆಟ್ಟಿಗೆಯಿಂದಲೇ ಹೊರಕ್ಕೆಳೆಸಿ, ತಾರಸಿಯ ಮೇಲಿಂದ ಆಜಿಯ ಮಂಚದ ಪಕ್ಕಕ್ಕೆ ಇಳಿಸಿದ್ದಳು. ಸಾಕೆಟ್ಟಿನಲ್ಲಿ ನನ್ನ ಕಣ್ಣಿಗೆ ಕಾಣಲೆಂದು ಗೇಣುದ್ದದ ತುಂಡೊಂದನ್ನು ಉಳಿಸಿದ್ದಳು.

"ನನಗ ಯಾಕ ಹೇಳ್ಲಿಲ್ಲ?" ಎಂದೆ.

"ಹೇಳಿದ್ರ ನೀವು ಅರ್ಜಿ ಕೇಳ್ತಿದ್ರಿ. ಅಷ್ಟ್ರಾಗ ಆಜಿ ಕಾಲು ನೆಟ್ಟಗಾಗ್ತಿತ್ತು."

ಸಿಟ್ಟು ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಪಕ್ಕದವರಿಗೆ ಒಂದು ಸಣ್ಣ ಉಪಕಾರ ಮಾಡಲು ನನ್ನ ಹೆಂಡತಿ ನನ್ನ ಕಣ್ಣು ತಪ್ಪಿಸಬೇಕಾಯಿತಲ್ಲ, ಅಷ್ಟು ವರ್ಷ ಅದನ್ನು ಬಚ್ಚಿಡಬೇಕಾಯಿತಲ್ಲ! ಸುತ್ತಿಗೆ ಕೆಳಗಿಟ್ಟು, ಪುಟ್ಟ ಡಬ್ಬಿ ಹಿಡಿದುಕೊಂಡು ಅವಳ ಹಿಂದೆ ಆಜಿಯ ಮನೆಗೆ ಹೋದೆ.

ಆಜಿಯೂ ಆ ಕೇಬಲ್ಲನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಕಪಾಟಿನ ಹಿಂದೆ ಅದರ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಳು. "ತುಮಚೀ ವಸ್ತು ಆಹೇ, ಕಧೀ ತರೀ ಲಾಗೇಲ" ಎಂದಳು. ನಿಮ್ಮ ವಸ್ತು, ಯಾವಾಗಲಾದರೂ ಬೇಕಾದೀತು ಎಂದು. ಡಬ್ಬಿ ಜೋಡಿಸಿದೆ. ಹಸಿರು ದೀಪ ಹತ್ತಿತು. ತಂತಿಯನ್ನು ಮರಳಿ ನಮ್ಮ ಕೋಣೆಗೆ ಎಳೆಯೋಣವೆಂದರೆ ಗೋಡೆ ಒಡೆಯದೆ ಅದು ಒಳಗೆ ತೂರುವಂತಿರಲಿಲ್ಲ. ಬೆಳಗಾದರೆ ಭಾನುವಾರ. ಶಾಂತಾಳ ಮುಖ ಬಾಡಿದ್ದನ್ನು ಆಜಿ ನೋಡಿದಳು. "ಮಗ ಇಕಡೇಚ್ ಶಿಕವ!" ಎಂದು, ಹಾಗಾದರೆ ಇಲ್ಲಿಯೇ ಕಲಿಸು ಎಂದು, ಮೇಜಿನ ಮೇಲಿನ ಔಷಧಿ ಡಬ್ಬಿಗಳನ್ನೆಲ್ಲ ಸರಿಸತೊಡಗಿದಳು.

ಹೀಗೆ ನಮ್ಮ ಕನ್ನಡ ಶಾಲೆ ಆಜಿಯ ಮನೆಯಲ್ಲಿ ಶುರುವಾಯಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಮಕ್ಕಳು ಮಾತ್ರ ಬಾಯಿಬಿಡಲೊಲ್ಲರು. "ಆತ್ಯಾ, ನನಗ ಸಮಝ್ತದ, ಬೋಲ್ಲಾಕ ಬರಲ್ಲ" ಎಂದು, ಅತ್ತೆ, ತಿಳಿಯುತ್ತದೆ, ಮಾತಾಡಲು ಬರುವುದಿಲ್ಲ ಎಂದು, ಸಾನಿಕಾ ತಲೆ ತಗ್ಗಿಸಿದಳು. ಶಾಂತಾ ಕುಂದ್ರಿ ಎಂಬ ಪದವನ್ನೇ ಮತ್ತೊಮ್ಮೆ ಹೇಳಿಕೊಟ್ಟಳು. ಅಷ್ಟರಲ್ಲಿ ಹಿಂದೆ ಮಂಚದ ಮೇಲೆ ಕೂತಿದ್ದ ಆಜಿ, ಪಾಠ ತನಗೇ ಎಂಬಂತೆ, "ಕುಂದರ್ ರೀ" ಎಂದು ಜೋರಾಗಿ ಕೂಗಿದಳು. ಐದೂ ಮಕ್ಕಳು ನಕ್ಕವು. ಸಾನಿಕಾ ತಲೆ ಎತ್ತಿ ಕನ್ನಡದಲ್ಲೇ ಹೇಳಿದಳು:

"ಹಂಗಲ್ಲ ಆಜಿ, ಕುಂದ್ರಿ ಅನ್ರಿ. ನಿಮಗ ನಾ ಕಲಸ್ತೀನಿ."

ಶಾಂತಾ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ ನೋಡಿದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು. ಆ ಫಿಲ್ಟರನ್ನು ನಾನು ಹಾಕಲೇ ಇಲ್ಲ, ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ಸೋಮವಾರ ಹಳದಿ ಫೈಲು ತೆಗೆದು ನಕ್ಷೆ ತಿದ್ದಿದೆ. ನಮ್ಮ ಗೋಡೆ ದಾಟಿಸಿ ಆಜಿಯ ಕೋಣೆಯವರೆಗೆ ಗೆರೆ ಎಳೆದೆ. ಒಪ್ಪಿದವರು ಎಂಬ ಚೌಕದಲ್ಲಿದ್ದ ನನ್ನ ಸಹಿ ಅಳಿಸಿ ಶಾಂತಾಳ ಮುಂದಿಟ್ಟೆ. ರೊಟ್ಟಿ ಬಡಿಯುತ್ತಿದ್ದವಳು ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು, ಪೆನ್ಸಿಲು ಹಿಡಿದು, ನಕ್ಷೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಸಹಿ ಹಾಕಲಿಲ್ಲ.

"ನಲ್ಲಿ ಪೈಪ್ ಸುದ್ದಾ ಇಲ್ಲಿ ಇಲ್ರಿ" ಎಂದಳು.

ನಾನು ಕಾರಣ ಕೇಳಲಿಲ್ಲ. ರಬ್ಬರು ಎತ್ತಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.