ಸರದಿ ಮುರಿದ ಸೆಂಗಾ

ಗ್ಲಾಸ್ಗೋದ ಆ ಹಳೇ ಕಲ್ಲುಕಟ್ಟಡದಲ್ಲಿ ಮೆಟ್ಟಿಲು ತೊಳೆಯುವುದಕ್ಕೆ ಸರದಿ ಉಂಟು. ಯಾರ ಬಾಗಿಲ ಹಿಡಿಗೆ ರಟ್ಟಿನ ಚೀಟಿ ತೂಗುತ್ತದೋ ಆ ವಾರ ಅವರೇ ತೊಳೆಯಬೇಕು. ತೊಳೆದಾದ ಮೇಲೆ ಚೀಟಿ ಪಕ್ಕದವರ ಬಾಗಿಲಿಗೆ. ಈ ಕಟ್ಟಳೆಗೆ ಕಾವಲು ಸೆಂಗಾ ಮಕ್‌ಗಾರ್ವಿ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಮುದುಕಿಯಾದವಳು. ಸೌಟು ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ. ಗಂಡ ಸತ್ತ ವಾರವೂ ತನ್ನ ಸರದಿ ತಪ್ಪಿಸಲಿಲ್ಲ. ಸೊಂಟ ಹಿಡಿದಿದೆ ಎಂದವರಿಗೆ, "ಮಂಡಿ ಇದ್ಯಲ್ಲ" ಎನ್ನುವಳು.

ಎಲ್ಲೋ ದೂರದ ದೇಶದಲ್ಲಿ ಯುದ್ಧ ಶುರುವಾದ ಚಳಿಗಾಲ. ಅಲ್ಲಿ ಬೆಂಕಿ ಬಿದ್ದರೆ ಇಲ್ಲಿ ಮೈ ಕಾಯಿಸಿಕೊಳ್ಳುವ ಪುಣ್ಯಾತ್ಮರಿಗೆ ಯಾವ ಊರಲ್ಲೂ ಬರವಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ, ಎರಡನೆಯ ಅಂತಸ್ತಿನ ರೋನಾ ಶೂಲ್ಮನ್‌ಳ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ "ಯಹೂದಿಗಳೇ, ತೊಲಗಿ" ಎಂದು ಬರೆದಿತ್ತು. ಬಣ್ಣ ಮೆಟ್ಟಿಲಿಗೂ ಸೋರಿತ್ತು. ಇದೇ ಊರಲ್ಲಿ ಹುಟ್ಟಿ ಮುದುಕಿಯಾದ ರೋನಾ, ಯಹೂದಿಗಳು ಬಾಗಿಲ ಚೌಕಟ್ಟಿಗೆ ಜಡಿಯುವ ಪ್ರಾರ್ಥನೆಯ ಪುಟ್ಟ ಕರಡಿಗೆಯ ತಿರುಪು ಬಿಚ್ಚುತ್ತಿದ್ದಳು.

"ಏನ್ ಮಾಡ್ತಿದ್ದೀಯಾ?" ಎಂದಳು ಸೆಂಗಾ.

"ಮಗಳ ಮನೆಗೆ ಹೋಗ್ತೀನಿ ಕಣೇ. ಮತ್ತೆ ಬರಲ್ಲ. ಈ ವಾರ ಸರದಿ ನಂದಲ್ವಾ, ಇದನ್ನ ತೊಳೆದಿಟ್ಟೇ ಹೋಗ್ತೀನಿ."

ಸೆಂಗಾ ಬಾಗಿಲ ಹಿಡಿಯಲ್ಲಿ ತೂಗುತ್ತಿದ್ದ ಚೀಟಿ ನೋಡಿದಳು. ಬಳಿದವನು ಎಲ್ಲೋ ಹಾಯಾಗಿ ಚಹಾ ಕುಡಿಯುತ್ತಾನೆ, ಬೈಸಿಕೊಂಡವಳು ಮಂಡಿಯೂರಿ ಉಜ್ಜಬೇಕು. ಅದೂ ತಾನೇ ಕಾದುಕೊಂಡು ಬಂದ ಕಟ್ಟಳೆಯ ಪ್ರಕಾರ.

ಮನೆಗೆ ಬಂದು ಬಕೆಟ್ ಎತ್ತಿಕೊಂಡಳು. ಜೊತೆಗಿದ್ದ ತಮ್ಮ ಆರ್ಚಿ ಟೋಸ್ಟ್ ತಿನ್ನುತ್ತಿದ್ದ.

"ಸರದಿ ಅವಳ್ದು, ನಿಂಗ್ಯಾಕಕ್ಕಾ ಉಸಾಬರಿ? ಅವ್ರ ಜನ ಅಲ್ಲಿ ಮಾಡ್ತಿರೋದಕ್ಕೆ ಇವ್ಳೂ ಅನುಭವಿಸ್ಲಿ. ಬಳಿದಿರೋದು ಮೇಲಿನ ಮನೆ ಮುಸ್ಲಿಮರ ಹುಡುಗ್ರೇ, ಬೇರೆ ಯಾರು?"

"ನೋಡಿದ್ಯಾ?"

"ನೋಡೋದೇನು, ಅವ್ರೆಲ್ಲಾ ಹಂಗೇ."

"ರೋನಾ ಯಾವ ಯುದ್ಧ ಮಾಡಿದಾಳೋ? ನೀನು ಜ್ವರದಲ್ಲಿ ಬಿದ್ದಿದ್ದಾಗ ಸಾರು ಮಾಡಿ ತಂದಿದ್ಲಲ್ಲ, ಅದಾ? ಒಂದೇ ಉಸಿರಲ್ಲಿ ಎರಡು ಮನೆ ಮೇಲೆ ಉಗುಳಿದ್ಯಲ್ಲೋ. ನನ್ನ ಮನೇಲಿ ಈ ಮಾತು ಇವತ್ತಿಗೆ ಕೊನೆ. ಆಗಲ್ಲ ಅಂದ್ರೆ, ಬಾಗಿಲು ತೆಗೆದೇ ಇದೆ."

ಆರ್ಚಿ ತಿನ್ನುತ್ತಿದ್ದ ಟೋಸ್ಟ್ ಕೆಳಗಿಟ್ಟ.

ಸೆಂಗಾ ಮೇಲೆ ಹತ್ತಿ ರೋನಾಳ ಬಾಗಿಲಿನ ಚೀಟಿ ಕಿತ್ತು ಜೇಬಿಗೆ ತುರುಕಿದಳು. "ಇವತ್ತು ಸರದಿ ಗಿರದಿ ಏನೂ ಇಲ್ಲ," ಎಂದು ಕಟ್ಟಡವೆಲ್ಲ ಕೇಳುವಂತೆ ಕೂಗಿದಳು. "ಎಲ್ಲರೂ ಬಕೆಟ್ ತಗೊಂಡು ಬನ್ನಿ."

ಸೆಂಗಾ ಸರದಿ ಮುರಿಯುವುದೆಂದರೇನು? ಬಾಗಿಲುಗಳು ಒಂದೊಂದಾಗಿ ತೆರೆದವು. ಮೊದಲು ಇಳಿದವಳು ಮೇಲಿನ ಮನೆಯ ಫರ್ಹಾನಾ ಮಿರ್ಜಾ, ಕೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ.

"ಆಂಟಿ, ಹೋದ ವಾರ ಬಸ್ಸಲ್ಲಿ ನನ್ನ ತಲೆವಸ್ತ್ರ ಎಳೆದ್ರು. ನಾಚಿಕೆ ಆಗಿ ಯಾರಿಗೂ ಹೇಳ್ಲಿಲ್ಲ."

"ನಾಚಿಕೆ ಎಳೆದವ್ರಿಗೆ ಆಗ್ಬೇಕು ಕಣಮ್ಮ, ನಿಂಗಲ್ಲ. ಇನ್ಮೇಲೆ ಬಸ್ಸಿಗೆ ನಾನೂ ಬರ್ತೀನಿ." ಸೆಂಗಾಳ ಕಣ್ಣು ತುಂಬಿತ್ತು.

ಕೊನೆಗೆ ಆರ್ಚಿಯೂ ತಂತಿ ಬ್ರಷ್ ಹಿಡಿದು ಬಂದ. ಫರ್ಹಾನಾಳ ಮುಖ ನೋಡಲಾಗದೆ ನೆಲ ನೋಡುತ್ತ, "ನಿಮ್ಮ ಹುಡುಗ್ರ ಮೇಲೆ ಸುಮ್ಸುಮ್ನೆ ಗೂಬೆ ಕೂರಿಸ್ಬಿಟ್ಟೆ. ತಪ್ಪಾಯ್ತು," ಎಂದ. ಅವಳು ಒಂದು ಗಳಿಗೆ ಅವನನ್ನು ದಿಟ್ಟಿಸಿ, ಬಣ್ಣ ಗಟ್ಟಿಯಾಗಿ ಕೂತಿದ್ದ ಜಾಗ ತೋರಿಸಿದಳು. ಅವನು ಮಂಡಿಯೂರಿ ಉಜ್ಜತೊಡಗಿದ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲೂ ಮೆಟ್ಟಿಲಲ್ಲೂ ಕೆಂಪು ಹೆಸರಿಗೂ ಉಳಿದಿರಲಿಲ್ಲ.

ರೋನಾ ಎಲ್ಲರನ್ನೂ ಒಳಗೆ ಕರೆದಳು. ಒದ್ದೆ ತೋಳಿನ ಜನ ಸೋಫಾ ಸಾಲದೆ ನೆಲದ ಮೇಲೆ ಕೂತರು. ಅಷ್ಟರಲ್ಲಿ ಫೋನ್ ಬಂತು. ಕಾರು ಎಷ್ಟು ಹೊತ್ತಿಗೆ ತರಲಿ ಎಂದು ಮಗಳು ಕೇಳುತ್ತಿದ್ದಳು.

"ಬರಕ್ಕಾಗಲ್ಲ ಕಣೇ," ಎಂದಳು ರೋನಾ. "ಮನೆ ತುಂಬ ನಮ್ಮೋರಿದಾರೆ."