ಕತ್ತಲಿಗೆ ಅಳತೆಗೋಲಾಗಿದ್ದ ಮಹಾನಂದ

ಚಾಮರಾಜಪೇಟೆಯ ಒಂದು ಹಳೇ ಮನೆಯ ಹಿಂಭಾಗದಲ್ಲಿ ರಕ್ತಪರೀಕ್ಷೆಯ ಲ್ಯಾಬು. ಅದರ ಕತ್ತಲ ಕೋಣೆಯಲ್ಲಿ ಮಹಾನಂದ ಹತ್ತೊಂಬತ್ತು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತಳು. ಆ ಕೋಣೆ ಎಷ್ಟು ಕತ್ತಲೆಂದರೆ, ಒಳಗೆ ಹೋದ ಸೊಳ್ಳೆಗಳು ಗೋಡೆ ತಡವಿಕೊಂಡು ಹೊರಗೆ ಬರುತ್ತಿದ್ದವು.

ನಮ್ಮ ಮೈಯೊಳಗೆ ರೋಗಾಣುಗಳನ್ನು ಹೊಡೆಯಲು ಒಂದು ಕಾವಲು ಪಡೆ ಇದೆಯಲ್ಲ, ಕೆಲವರಲ್ಲಿ ಅದಕ್ಕೆ ತಲೆ ಕೆಟ್ಟು ಮನೆಯವರನ್ನೇ ಬಡಿಯತೊಡಗುತ್ತದೆ. ಕೀಲು, ಚರ್ಮ, ಮೂತ್ರಪಿಂಡ, ಯಾವುದನ್ನೂ ಬಿಡುವುದಿಲ್ಲ. ಅದನ್ನು ಪತ್ತೆ ಮಾಡುವುದು ಮಹಾನಂದಳ ಕೆಲಸ. ಗಾಜಿನ ಪಟ್ಟಿಯ ಮೇಲೆ ಚೌಕಾಬಾರದ ಹಾಗೆ ಮನೆಗಳು, ಒಂದೊಂದರಲ್ಲೂ ಜೀವಕೋಶಗಳ ತೆಳು ಪದರ. ಅದರ ಮೇಲೆ ರೋಗಿಯ ಸೀರಮ್, ಅಂದರೆ ರಕ್ತದ ತಿಳಿನೀರು, ಒಂದು ತೊಟ್ಟು ಹಾಕಿ ತೊಳೆಯಬೇಕು, ಹೊಳೆಯುವ ಬಣ್ಣ ಒಂದು ತೊಟ್ಟು ಹಾಕಿ ಮತ್ತೆ ತೊಳೆಯಬೇಕು. ನೀಲಿ ಬೆಳಕಿನ ಕೆಳಗಿಟ್ಟರೆ ತಲೆ ಕೆಟ್ಟ ರಕ್ತ ಹಸಿರಾಗಿ ಉರಿಯುತ್ತದೆ, ಒಳ್ಳೇ ರಕ್ತ ಕಪ್ಪಗೆ ಸುಮ್ಮನಿರುತ್ತದೆ.

ಕಪ್ಪು ಅಂದರೆ ಎಷ್ಟು ಕಪ್ಪು? ಅದಕ್ಕೊಂದು ಅಳತೆ ಬೇಕು. ಕಂಪನಿಯವರು ಪರೀಕ್ಷೆಯ ಕಿಟ್ ಜೊತೆ ಆರೋಗ್ಯವಂತರ ಸೀರಮ್ಮಿನ ಪುಟ್ಟ ಸೀಸೆಯನ್ನೂ ಕಳಿಸುತ್ತಾರೆ. ಆದರೆ ಲ್ಯಾಬ್ ಕಟ್ಟಿದ ಡಾಕ್ಟರ್ ಬದರೀನಾರಾಯಣರು ಸೂರ್ಯ ಹುಟ್ಟಿದರೂ ಇನ್ನೊಂದು ಕಡೆ ವಿಚಾರಿಸಿಯೇ ನಂಬುವವರು.

"ಈ ಸೀಸೆಯಲ್ಲಿರೋನು ಯಾರೋ ಏನೋ. ನೀನಾದ್ರೆ ದಿನಾ ಕಣ್ಣೆದುರಿಗೆ ಓಡಾಡ್ತೀಯ. ತೋಳು ಚಾಚಮ್ಮ," ಅಂದುಬಿಟ್ಟರು.

ಅಂದಿನಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಹಾನಂದಳ ರಕ್ತ ತೆಗೆದು, ಅದರ ಸೀರಮ್ಮನ್ನು ಪುಟ್ಟ ಟ್ಯೂಬುಗಳಲ್ಲಿ ಫ್ರೀಜರಿಗೆ ಹಾಕಿಡುವುದು ಪದ್ಧತಿಯಾಯಿತು. ಪ್ರತಿ ಪಟ್ಟಿಯ ಕೊನೇ ಮನೆ ಆಕೆಯದು. ಅದಕ್ಕಿಂತ ಹೊಳೆದರೆ ಕಾಯಿಲೆ, ಅದರಷ್ಟೇ ಇದ್ದರೆ 'ಏನೂ ಇಲ್ಲ'. ಅಮಾವಾಸ್ಯೆ ಬಂದು ನೋಡಿ ನಾಚಿಕೊಂಡು ಹೋಗಬೇಕು, ಅಂಥ ಕಪ್ಪು! ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಸಾವಿರಾರು ಜನ ಆ ಕಪ್ಪಿನ ಭರವಸೆಯ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿದರು.

ಆಕೆಗೂ ಅದರ ಜಂಬ ಇತ್ತು. ಗಂಡ ರುದ್ರೇಶನಿಗೆ ಅಕ್ಕಿಪೇಟೆಯಲ್ಲಿ ಅಂಗಡಿ. ಅವನು ಜಗಳ ತೆಗೆದರೆ, "ರೀ, ನಿಮ್ಮ ತಕ್ಕಡಿ ಬರೀ ಅಕ್ಕಿ ತೂಗತ್ತೆ. ನನ್ನ ರಕ್ತ ಊರನ್ನೇ ತೂಗತ್ತೆ," ಅನ್ನುವಳು.

ಹೋದ ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದೆ ಹೋಯಿತು.

"ಚಪಾತಿ ಹಿಟ್ಟು ಜಾಸ್ತಿ ನಾದಿದೀನಿ ಅಷ್ಟೇ," ಅಂದಳು.

"ನಮ್ಮನೇಲಿ ಚಪಾತಿ ಮಾಡಿ ತಿಂಗಳಾಯ್ತಲ್ಲೇ!" ಅಂದ ರುದ್ರೇಶ.

ಆಮೇಲೆ ಎರಡೂ ಕೆನ್ನೆಗೆ ಕೆಂಪು ಹತ್ತಿತು. ಬಿಸಿಲಿಗೆ, ಅಂದಳು. ಹಗಲೆಲ್ಲ ಕತ್ತಲಲ್ಲಿ ಕೂರುವವಳಿಗೆ ಎಲ್ಲಿಯ ಬಿಸಿಲು?

ಅದೇ ದಿನಗಳಲ್ಲಿ ಕೊನೇ ಮನೆಯಲ್ಲಿ ಹಸಿರಿನ ಮಬ್ಬು ಕಂಡಿತು. ತನ್ನ ಮನೆ ಕಪ್ಪು ಎನ್ನುವುದು ಮಹಾನಂದಳಿಗೆ ಭೂಮಿ ಗುಂಡಗಿರುವಷ್ಟೇ ಖಚಿತ. ಆದ್ದರಿಂದ, "ಇವತ್ತು ಬಣ್ಣ ಜಾಸ್ತಿ ಹಿಡಿದಿದೆ," ಎಂದುಕೊಂಡು ಅಷ್ಟು ಹಸಿರನ್ನು ಎಲ್ಲರಿಗೂ ಮಾಫಿ ಮಾಡಿದಳು. ಮಬ್ಬಾಗಿ ಹೊಳೆದವರೆಲ್ಲ 'ಏನೂ ಇಲ್ಲ' ಅನ್ನುವ ರಿಪೋರ್ಟು ಹಿಡಿದು ಮನೆಗೆ ಹೋದರು. ಮಬ್ಬು ದಟ್ಟವಾದಾಗ ದೀಪ ಬದಲಿಸಿದಳು. ಬಣ್ಣದ ಬಾಟಲಿ ಬದಲಿಸಿದಳು. ಪಟ್ಟಿ ತೊಳೆಯಲು ಸುರಿದ ನೀರಿಗೆ ಸ್ಯಾಂಕಿ ಕೆರೆ ಎರಡು ಸಲ ಕೋಡಿ ಬೀಳಬೇಕಿತ್ತು.

ಶ್ರಾವಣದಲ್ಲಿ ರಕ್ಷಿತಾ ಎಂಬ ಹೊಸ ಡಾಕ್ಟರು ಕೆಲಸಕ್ಕೆ ಸೇರಿದಳು. ಫ್ರಿಜ್ಜಿನಲ್ಲಿ ಸೀಲೂ ಒಡೆಯದೆ ಬಿದ್ದಿದ್ದ ಕಂಪನಿಯ ಸೀಸೆ ಅವಳ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಮಹಾನಂದಳ ಪಕ್ಕಕ್ಕೇ ಒಂದು ತೊಟ್ಟು ಹಾಕಿದಳು.

"ಮಹಾನಂದಕ್ಕ, ಸೀಸೆಯದು ಕಪ್ಪಗಿದೆ. ನಿಮ್ಮದು ಹೊಳೀತಿದೆ."

"ಆ ಸೀಸೆ ಕೆಟ್ಟಿರಬೇಕು ಮೇಡಂ."

"ನನ್ನ ರಕ್ತಾನೂ ಹಾಕಿದೀನಿ ಅಕ್ಕ. ಅದೂ ಕಪ್ಪಗೇ ಇದೆ."

ಮಹಾನಂದ ಸ್ವಲ್ಪ ಹೊತ್ತು ಕೈ ಒರೆಸಿಕೊಂಡಳು. ಒದ್ದೆಯೇ ಇರಲಿಲ್ಲ. "ಸರ್ ನೋಡ್ಲಿ. ಯಾರದ್ದು ಅಂತ ಹೇಳ್ಬೇಡಿ," ಅಂದಳು.

ಮರುದಿನ ಬದರೀನಾರಾಯಣರು ಬಸವನಗುಡಿಯಿಂದ ಆಟೋದಲ್ಲಿ ಬಂದರು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಇದೇ ಮೊದಲು. "ಈಗ ನೋಡಮ್ಮ, ಮೈಸೂರಿನಲ್ಲಿ ಇರುವೆ ಸೀನಿದ್ರೂ ಕಾಣತ್ತೆ ನಂಗೆ!" ಎನ್ನುತ್ತಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಒಂದನೇ ಮನೆ, ಚೆನ್ನಾಗಿದಾರೆ. ಎರಡನೇದು, ಕಲ್ಲುಗುಂಡಿನ ಹಾಗಿದಾರೆ, ನನ್ನ ಲೆಕ್ಕದಲ್ಲಿ ಒಂದು ಮಸಾಲೆದೋಸೆ ಕೊಡ್ಸಿ. ಮೂರನೇದು..."

ಡಾಕ್ಟರು ಮೈಕ್ರೋಸ್ಕೋಪಿನ ತಿರುಪನ್ನು ಅತ್ತಿತ್ತ ತಿರುಗಿಸಿದರು.

"ಇದು ಯಾರು? ವಯಸ್ಸೆಷ್ಟು?"

"ನಲವತ್ತಾರು, ಸರ್," ಅಂದಳು ಅವರ ಹಿಂದೆ ನಿಂತಿದ್ದ ಮಹಾನಂದ.

"ಹೆಂಗಸಾ? ಮೂತ್ರ ಪರೀಕ್ಷೆ ಮಾಡ್ಸಿದಾರಾ? ಇಷ್ಟು ದಿನ ಎಲ್ಲಿ ಕತ್ತೆ ಕಾಯ್ತಿದ್ರು ಇವ್ರು? ಇವತ್ತೇ ಕರೆಸಿ."

"ಇಲ್ಲೇ ಇದೀನಿ ಸರ್."

ಬದರೀನಾರಾಯಣರು ಕಣ್ಣು ಎತ್ತಲಿಲ್ಲ.

"ಅಕ್ಕ, ಮೊದಲು ನಿಮ್ಮ ಯೂರಿನ್ ಟೆಸ್ಟ್," ಎಂದು ರಕ್ಷಿತಾ ತೋಳು ಹಿಡಿದಳು.

"ಅದೆಲ್ಲಿ ಓಡಿಹೋಗತ್ತೆ. ಮೊದಲು ಯಾವಾಗಿಂದ ಅಂತ ತಿಳೀಬೇಕು," ಎಂದು ಮಹಾನಂದ ಫ್ರೀಜರ್ ತೆಗೆದಳು. ಅದರಲ್ಲಿ ಉಳಿದಿದ್ದ ಕಳೆದ ನಾಲ್ಕು ವರ್ಷದ ತನ್ನದೇ ಟ್ಯೂಬುಗಳನ್ನು ಹಬ್ಬದಿಂದ ಹಬ್ಬಕ್ಕೆ ಸಾಲಾಗಿ ಜೋಡಿಸಿ, ಒಂದೇ ಪಟ್ಟಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಮೊದಲ ನಾಲ್ಕು ಕಪ್ಪು. ಐದನೆಯದು ಎರಡು ವರ್ಷದ ಹಿಂದಿನ ದೀಪಾವಳಿಯದು. ಅದರಲ್ಲಿ ಹಸಿರು, ಹುಡುಕದಿದ್ದರೆ ಕಾಣದಷ್ಟು ತೆಳುವಾಗಿ, ಆಗಲೇ ಹುಟ್ಟಿತ್ತು. ಅಲ್ಲಿಂದ ಮುಂದೆ ಒಂದೊಂದು ಮನೆಯಲ್ಲೂ ಒಂದಿಷ್ಟು ಹೆಚ್ಚು.

ಆ ದೀಪಾವಳಿಯಿಂದ ಈಚೆಗೆ 'ಏನೂ ಇಲ್ಲ' ಅನ್ನಿಸಿಕೊಂಡವರು ಮುನ್ನೂರ ಹನ್ನೆರಡು ಜನ. ಅವರ ಸೀರಮ್ ತಿಂಗಳಿಗೊಮ್ಮೆ ಚೆಲ್ಲಿಯಾಗಿತ್ತು. ಪ್ರತಿಯೊಬ್ಬರನ್ನೂ ಮತ್ತೆ ಕರೆಸಿ ರಕ್ತ ತೆಗೆಯಬೇಕು, ಬೇರೆ ದಾರಿಯಿಲ್ಲ.

"ಫೋನ್ ಕೊಡಮ್ಮ, ನಾನು ಮಾತಾಡ್ತೀನಿ," ಅಂದರು ಡಾಕ್ಟರು.

"ಬೇಡ ಸರ್. ಪಟ್ಟಿಗಳನ್ನ ಓದಿದ್ದು ನಾನು."

ಆ ಮುನ್ನೂರ ಹನ್ನೆರಡರಲ್ಲಿ ಮೊದಲ ಹೆಸರು ಗವಿಪುರದ ಸಾನ್ವಿ, ಹದಿನಾರು ವರ್ಷ. ಫೋನ್ ಎತ್ತಿದ್ದು ತಾಯಿ.

"ಲ್ಯಾಬಿನವ್ರಾ? ಹೇಳಿ ಮೇಡಂ. ನೀವು ಏನೂ ಇಲ್ಲ ಅಂದ್ಮೇಲೆ ಡಾಕ್ಟ್ರೂ ಹಾಗೇ ಅಂದ್ರು. ಬೆಳೆಯೋ ಹುಡುಗಿ, ಸುಸ್ತು ಇದ್ದಿದ್ದೇ ಅಂತ."

"ಈಗ ಹೇಗಿದಾಳೆ?"

"ಚೆನ್ನಾಗಿದಾಳೆ. ಮುಖ ತುಂಬ್ಕೊಂಡಿದೆ, ಕಾಲೂ ದಪ್ಪ ಆಗಿದೆ. ಮೊಮ್ಮಗಳಿಗೆ ಮೈ ಹತ್ತಿತು ಅಂತ ನಮ್ಮತ್ತೆಗೆ ಖುಷಿಯೋ ಖುಷಿ."

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ರಕ್ಷಿತಾ ಬರೆಯುವುದನ್ನು ನಿಲ್ಲಿಸಿ, 'ಊತ, ಮೂತ್ರಪಿಂಡ' ಎಂದು ಗೀಚಿ ತೋರಿಸಿದಳು.

"ಅಮ್ಮ, ಅವಳನ್ನ ಕರ್ಕೊಂಡು ಬನ್ನಿ. ನಾನು ತಪ್ಪು ಓದಿದೀನಿ."

"ಅಯ್ಯೋ, ಮಲಗಿದಾಳೆ ಕಣ್ರೀ. ಈಚೀಚೆಗೆ ಮಲಗೋದೇ ಜಾಸ್ತಿ. ಸಂಜೆ ಎದ್ಮೇಲೆ ಬರ್ಲಾ?"

"ಈಗ್ಲೇ ಎಬ್ಬಿಸಿ," ಅಂದಳು ಮಹಾನಂದ.

ಅತ್ತ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. "ಸಾನ್ವೀ, ಏಳು ಪುಟ್ಟ," ಎಂದು ಕೂಗಿದ್ದು ಕೇಳಿಸಿತು. ಇನ್ನೊಮ್ಮೆ ಕೂಗಿದ್ದು ಕೇಳಿಸಿತು. ಮೂರನೇ ಸಲ ತಾಯಿಯ ದನಿ ಬೇರೆಯಾಗಿತ್ತು.