ಮೊದಲೆರಡು ‘ಬ್ಯಾಡ’

ನಾನು ಬೇಡ ಎಂದರೆ ದಯವಿಟ್ಟು ನಂಬಬೇಡಿ. ಮುಂದೆಂದಾದರೂ ನಾನು ನಿಮ್ಮ ಮನೆಗೆ ಬರಬಹುದು, ನೀವು ಚಹಾ ತರಲೇ ಎಂದು ಕೇಳಬಹುದು, ಆದ್ದರಿಂದ ಮೊದಲೇ ಹೇಳಿಬಿಡುವುದು ಇಬ್ಬರಿಗೂ ಕ್ಷೇಮ. ನಾನು ‘ಬ್ಯಾಡ್ರಿ’ ಎನ್ನುತ್ತೇನೆ. ನೀವು ಮತ್ತೊಮ್ಮೆ ಕೇಳುತ್ತೀರಿ, ನಾನು ‘ಛೇ ಛೇ, ಯಾಕ್ ತ್ರಾಸ್ ತಗೋತೀರಿ’ ಎನ್ನುತ್ತೇನೆ. ಮೂರನೆಯ ಸಲ ನೀವು ಕೇಳಿದರೆ ‘ಅಷ್ಟೊಂದು ಹೇಳ್ತೀರಂದ್ರ ಅರ್ಧಾ ಕಪ್ ಕೊಡ್ರಿ’ ಎಂದು ಪೂರ್ತಿ ಕಪ್ಪು ಕುಡಿದು ಎದ್ದು ಬರುತ್ತೇನೆ. ಕೇಳದಿದ್ದರೆ ಊರಲ್ಲೆಲ್ಲ ನಿಮ್ಮ ಮನೆಯಲ್ಲಿ ಒಂದು ಗುಟುಕು ಚಹಾ ಹುಟ್ಟಲಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ.

ನಮ್ಮ ಆಳಂದದ ಕಡೆ ಇದು ಸುಳ್ಳಲ್ಲ, ಸಂಸ್ಕಾರ. ಮೊದಲ ‘ಬ್ಯಾಡ’ ನಾವು ಹಸಿದು ಬಂದವರಲ್ಲ ಎಂದು ತೋರಿಸಲಿಕ್ಕೆ. ಎರಡನೆಯದು ಕೇಳಿದವರು ಬಾಯಿಮಾತಿಗೆ ಕೇಳಿದರೋ ಮನಸ್ಸಿನಿಂದ ಕೇಳಿದರೋ ಎಂದು ನೋಡಲಿಕ್ಕೆ. ಮೂರನೆಯ ಸಲ ಕೇಳಿದಾಗ ಮಾತ್ರ ನಿಜವಾದ ಪ್ರಶ್ನೆ ಬಂತೆಂದು ಅರ್ಥ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಸಣ್ಣವನಿದ್ದಾಗ ಸೋದರತ್ತೆಯ ಮನೆಯಲ್ಲಿ ಮೊದಲ ಸಲಕ್ಕೇ ‘ಹೂಂ, ಹಾಕು’ ಎಂದು ಹೋಳಿಗೆಗೆ ತಟ್ಟೆ ಒಡ್ಡಿದ್ದೆ. ಮನೆಗೆ ಮರಳುವ ದಾರಿಯಲ್ಲಿ ಅವ್ವ ತೊಡೆಗೆ ಚಿವುಟಿದಳು. ವಿದ್ಯೆ ಆವತ್ತೇ ಪೂರ್ತಿಯಾಯಿತು.

ಇಂಥ ವಿದ್ಯಾವಂತನನ್ನು ಬ್ಯಾಂಕಿನವರು ನಾಸಿಕಕ್ಕೆ ವರ್ಗ ಮಾಡಿದರು. ಶಾಖೆ ಸಾತಪುರದ ಕಾರ್ಖಾನೆಗಳ ನಡುವೆ, ಮನೆ ಪಾಥರ್ಡಿ ಫಾಟಾದ ಹೊಸ ಬಡಾವಣೆಯಲ್ಲಿ. ನಾಸಿಕದ ಹೊರವಲಯದ ಜನಕ್ಕೆ ಭಾನುವಾರ ಎಂದರೆ ಮಿಸಳ್. ಗಂಗಾಪುರ ರಸ್ತೆಯ ಕಡೆ ತೋಟದಂಥ ಹೋಟೆಲುಗಳಿವೆ. ಮರದ ಕೆಳಗೆ ಮಂಚ, ಮಕ್ಕಳಿಗೆ ಉಯ್ಯಾಲೆ, ಒಂದು ಕಡೆ ಬೇಸರದಿಂದ ನಿಂತ ಒಂಟೆ. ತಟ್ಟೆಯಲ್ಲಿ ಮೊಳಕೆಕಾಳು, ಮೇಲೆ ಸೇವು, ಪಕ್ಕದಲ್ಲಿ ಪಾವ್. ಜೀವಾಳವೆಲ್ಲ ಇರುವುದು ಮೇಲೆ ಸುರಿಯುವ ಕೆಂಪು ಸಾರಿನಲ್ಲಿ, ಅದಕ್ಕೆ ರಸ್ಸಾ ಎನ್ನುತ್ತಾರೆ. ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಒಬ್ಬ ಉದ್ದನೆಯ ಮನುಷ್ಯ ಜಗ್ಗು ಹಿಡಿದು ಮೇಜಿಂದ ಮೇಜಿಗೆ ‘ರಸ್ಸಾ? ರಸ್ಸಾ?’ ಎನ್ನುತ್ತಾ ಹೋಗುತ್ತಾನೆ.

ತ್ರ್ಯಂಬಕೇಶ್ವರದ ದರ್ಶನಕ್ಕೆಂದು ಊರಿನಿಂದ ನಮ್ಮ ಮಾವನ ಮನೆಯವರು ಬಂದಿದ್ದಾಗ ಅವರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಏಳು ಜನ ಒಂದೇ ಮೇಜಿಗೆ ಕೂತೆವು. ಜಗ್ಗಿನವನು ಬಂದು ‘ರಸ್ಸಾ?’ ಎಂದ. ಏಳೂ ಜನ ಒಂದೇ ಕಂಠದಲ್ಲಿ ‘ನಕೋ, ನಕೋ’ ಎಂದು ಮರಾಠಿಯಲ್ಲೇ ಬ್ಯಾಡ ಎಂದೆವು. ಅವನು ಪಕ್ಕದ ಮೇಜಿಗೆ ಹೋದ. ನಾವು ಅವನು ತಿರುಗಿ ಬಂದು ಕೇಳುತ್ತಾನೆಂದು ಕಾದೆವು. ಅವನ ಬೆನ್ನು ದೂರವಾಗುತ್ತಾ ಹೋಯಿತು. ಒಣ ಕಾಳನ್ನು ಒಣ ಪಾವಿಗೆ ಒತ್ತಿಕೊಂಡು ತಿನ್ನುತ್ತಾ ಮಾವ ಹೇಳಿದರು, “ನಾಸಿಕ್ ಮಂದಿ ಬಾಳ ಶಾಣ್ಯಾ ಇದ್ದಾರಪ್ಪಾ. ಫುಕಟ್ ಅಂತ ಬೋರ್ಡ್ ಹಾಕ್ತಾರ, ಒಂದೇ ಸಲ ಕೇಳ್ತಾರ.”

ಆಮೇಲೆ ಗಮನಿಸತೊಡಗಿದೆ. ನಗರದ ಹೊರವಲಯವೆಲ್ಲ ಒಂದೇ ಸಲ ಕೇಳುವವರ ರಾಜ್ಯ. ಸೂಪರ್ ಮಾರ್ಕೆಟ್ಟಿನ ಹುಡುಗಿ ಚೀಲ ಬೇಕೇ ಎಂದು ಒಮ್ಮೆ ಕೇಳಿದಳು. ನಾನು ಬೇಡ ಎಂದೆ. ಎರಡು ಕಿಲೋ ಈರುಳ್ಳಿ, ಒಂದು ಹೂಕೋಸು, ಫಿನಾಯಿಲಿನ ಬಾಟಲಿ ಎಲ್ಲವನ್ನೂ ಹಸುಗೂಸಿನಂತೆ ಎದೆಗವಚಿಕೊಂಡು ಪಾರ್ಕಿಂಗಿನವರೆಗೆ ನಡೆದೆ. ಅಂಬಡ್‌ನ ಕಾರ್ಖಾನೆಗಳಿಂದ ಶಿಫ್ಟು ಮುಗಿಸಿ ಬೈಕಿನಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ತಿರುಗಿ ನೋಡಿದರು. ಮೊಬೈಲಿನಲ್ಲಿ ಊಟ ತರಿಸಿದರೆ ಅದೂ ‘ಚಟ್ನಿ ಸೇರಿಸಲೇ?’ ಎಂದು ಒಂದೇ ಸಲ ಕೇಳುತ್ತದೆ. ನಾನು ನಿಜವಾಗಿಯೂ ಬೇಡ ಎಂದದ್ದು ಒಂದೇ ಕಡೆ. ಸಹೋದ್ಯೋಗಿಗಳು ಊರಾಚೆಯ ದ್ರಾಕ್ಷಿ ತೋಟವೊಂದಕ್ಕೆ ಕರೆದೊಯ್ದಿದ್ದರು, ಅಲ್ಲಿ ಗಾಜಿನ ಲೋಟದಲ್ಲಿ ಅದರದೇ ರಸ, ಅಂದರೆ ವೈನು, ರುಚಿ ನೋಡಲು ಕೊಡುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಮನಸಾರೆ ಬೇಡ ಎಂದೆ. ಅಲ್ಲಿ ಮಾತ್ರ ನಾಲ್ಕು ಸಲ ಒತ್ತಾಯ ಮಾಡಿದರು.

ಮರಾಠಿಗರಿಗೆ ಒತ್ತಾಯ ಗೊತ್ತಿಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಅವರ ಮದುವೆ ಪಂಕ್ತಿಯಲ್ಲಿ ಜಿಲೇಬಿಯನ್ನು ಬಾಯಿಗೇ ತುರುಕುವುದನ್ನು ನೋಡಿದ್ದೇನೆ. ಆದರೆ ಮದುವೆ ವರ್ಷಕ್ಕೊಂದು, ಲಿಫ್ಟು ದಿನಕ್ಕೆ ನಾಲ್ಕು ಸಲ. ಲಿಫ್ಟಿನಲ್ಲಿ ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಯಾರು ಯಾರನ್ನು ಮೂರು ಸಲ ಕೇಳಲು ಸಾಧ್ಯ?

ಇಷ್ಟನ್ನೂ ನಗುತ್ತಾ ಹೇಳಬಲ್ಲೆ, ಯಾಕೆಂದರೆ ನಷ್ಟವಾದದ್ದು ಒಂದಿಷ್ಟು ಸಾರು, ಒಂದು ಚೀಲ. ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಮೇಲೆ ನಡೆದದ್ದು ಹಾಗಲ್ಲ.

ಇಲ್ಲಿ ನಮ್ಮ ಮನೆ ಗಾರಖೇಡಾದ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಸಂಜೆ ಸಿಡ್ಕೊದ ಕಡೆ ಹೋದರೆ ತಿನ್ನಲಿಕ್ಕೆ, ಕೊಳ್ಳಲಿಕ್ಕೆ, ಸುಮ್ಮನೆ ಕೂರಲಿಕ್ಕೆ ಎಲ್ಲ ಇದೆ. ಇಮರತಿ ಎಂಬ ಜಹಾಂಗೀರಿನಂಥ ಸಿಹಿಯ ಅಂಗಡಿಯವನು ನನ್ನ ಮುಖ ಗುರುತಿಸುವಷ್ಟಾಗಿದ್ದಾನೆ. ಹೆಂಡತಿ ಸುವರ್ಣಾಳ ಮುಖವನ್ನು ಮಾತ್ರ ಯಾರೂ ಗುರುತಿಸುತ್ತಿರಲಿಲ್ಲ. ನಾನು ಬ್ಯಾಂಕಿಗೆ, ಮಗಳು ಶ್ರುತಿ ಕಾಲೇಜಿಗೆ ಹೋದ ಮೇಲೆ ಅವಳಿಗೂ ಗೋಡೆಗೂ ಮಾತು.

ನಮ್ಮ ಸೊಸೈಟಿಯಲ್ಲಿ ವರ್ಷಕ್ಕೊಮ್ಮೆ ಆನಂದಮೇಳ. ಒಂದು ಶನಿವಾರ ಸಂಜೆ ಅಂಗಳದಲ್ಲಿ ಮೇಜು ಹಾಕಿ ಮನೆಮನೆಯ ಹೆಂಗಸರು ತಾವು ಮಾಡಿದ್ದನ್ನು ಮಾರುತ್ತಾರೆ, ಸುತ್ತಲಿನ ಬಡಾವಣೆಯವರೆಲ್ಲ ತಿನ್ನಲು ಬರುತ್ತಾರೆ. ಸೊಸೈಟಿಯ ಕಾರ್ಯದರ್ಶಿ ದೇಶಮುಖ ಕಾಕು, ಎಲ್ಲರ ಪಾಲಿಗೂ ಚಿಕ್ಕಮ್ಮ. ನಿವೃತ್ತ ಶಾಲಾ ಶಿಕ್ಷಕಿ, ಗಣಿತದವರು. ಕೇಳಿದ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ ಎಂದು ನಂಬಿದವರು. ಅವರು ಬಾಗಿಲಿಗೆ ಬಂದು ಸುವರ್ಣಾಳನ್ನು ಅತ್ತಿಗೆಯೆಂದು ಕರೆದು ಮರಾಠಿಯಲ್ಲಿ ಕೇಳಿದರು, “ವಹಿನಿ, ನೀವೂ ಒಂದು ಸ್ಟಾಲ್ ಹಾಕ್ತೀರಾ? ನಿಮ್ಮ ಕಡೆಯ ಅಡುಗೆ ಇಲ್ಲಿ ಯಾರೂ ತಿಂದಿಲ್ಲ.”

ನಾನು ಒಳಗಿದ್ದೆ. ಸುವರ್ಣಾ ತನಗೆ ಬರುವ ಮರಾಠಿಯಲ್ಲಿ, “ನಕೋ, ನಕೋ. ನಮ್ಮ ರೊಟ್ಟಿ ಯಾರು ತಿಂತಾರೆ” ಎಂದಳು. ಮರುದಿನ ಲಿಫ್ಟಿನಲ್ಲಿ ಕಾಕು, “ನಕ್ಕೀ ನಾ? ಖಂಡಿತ ಬೇಡ ತಾನೇ?” ಎಂದರು. ಸುವರ್ಣಾ ನಾಚಿಕೊಂಡು ಬೇಡ ಎಂದಳು. ಆವತ್ತೇ ಸಂಜೆ ಊರಿಗೆ ಫೋನು ಮಾಡಿ ತಮ್ಮನಿಂದ ಹತ್ತು ಕಿಲೋ ಬಿಳಿಜೋಳ, ಒಂದು ಚೀಲ ಪುಂಡಿಸೊಪ್ಪು ಬಸ್ಸಿಗೆ ಹಾಕಿಸಿದಳು. ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಕುಟ್ಟಿದಳು. ಎಳೆಯ ಬದನೆಕಾಯಿ ಯಾವ ಗಾಡಿಯವನ ಬಳಿ ಸಿಗುತ್ತದೆಂದು ಮೂರು ದಿನ ಹುಡುಕಿದಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಗೋಡೆಗೆ ಮೊಳೆ ಹೊಡೀತೀರೇನು ಎಂದು ವಿಚಾರಿಸಿದರು. ಮೂರನೆಯ ಸಲ ಕೇಳಲು ಕಾಕು ಬರುತ್ತಾರೆಂದು ಅವಳು ಮಾತ್ರ ಒಳ್ಳೆಯ ಸೀರೆಯನ್ನೇ ಉಟ್ಟುಕೊಂಡು ಓಡಾಡುತ್ತಿದ್ದಳು.

ಬುಧವಾರ ಸೊಸೈಟಿಯ ವಾಟ್ಸಪ್ ಗುಂಪಿನಲ್ಲಿ ಪಟ್ಟಿ ಬಂತು. ಪಾನಿಪೂರಿ, ಸಾಬೂದಾನಿ ವಡಾ, ಮೋಮೊ, ಚಾಕೊಲೇಟ್ ಪಾನ್, ಎಲ್ಲ ಸೇರಿ ಹನ್ನೆರಡು ಸ್ಟಾಲು. ಸುವರ್ಣಾ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಆಮೇಲೆ ಎರಡು ದಿನ ಮನೆಯಲ್ಲಿ ಬರೀ ಉಪ್ಪಿಟ್ಟು. ನಮ್ಮ ಮನೆಯಲ್ಲಿ ಉಪ್ಪಿಟ್ಟು ಎಂದರೆ ನಿಷೇಧಾಜ್ಞೆ ಜಾರಿಯಾಗಿದೆ ಎಂದು ತಿಳಿಯಬೇಕು.

ಶ್ರುತಿ ಮಹಾರಾಷ್ಟ್ರದ ಗಾಳಿಯಲ್ಲಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಅರ್ಧ ಬಾಯಿಗೆ ಬರುತ್ತದೆ. ಅವಳೆಂದಳು, “ಮಮ್ಮಿ, ತೂ ನಕೋ ಅಂದಿ ನಾ? ನೋ ಮೀನ್ಸ್ ನೋ! ಮತ್ತ ಅವ್ರು ಯಾಕ್ ಕೇಳ್ಬೇಕು?”

ನಾನು ನಕ್ಕೆ. ಸುವರ್ಣಾ ನಗಲಿಲ್ಲ.

“ಆರು ವರ್ಷ ಇದ್ವಿ ನಾಸಿಕ್‌ದಾಗ” ಎಂದಳು ನನ್ನ ಕಡೆ ನೋಡದೆ. “ಸಾಮಾನ್ ಗಾಡಿ ಹೊಂಟಾಗ ನನ್ ಸಲುವಾಗಿ ಬಾಗಿಲಿಗಿ ಬಂದು ನಿಂತಾವ್ರು ಯಾರ್ರೀ? ಹಾಲಿನವ ಒಬ್ಬ. ಅವನೂ ಖಾಲಿ ಡಬ್ಬಿ ಕೇಳ್ಲಾಕ ಬಂದಿದ್ದ. ಇಲ್ಲಿಂದನೂ ಹಂಗೇ ಹೋಗ್ತೀನೇನ್ ನಾ?”

ಆ ಮಾತು ನನ್ನನ್ನು ಚುಚ್ಚಿತು. ಆರು ವರ್ಷ ನಾನು ಮಿಸಳಿನ ಸಾರಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ, ಪಕ್ಕದಲ್ಲಿ ಕೂತವಳು ಒಬ್ಬಂಟಿಯಾಗಿದ್ದದ್ದು ಕಾಣಲಿಲ್ಲ. ಅವಳಿಗೆ ರೊಟ್ಟಿ ಮಾರಿ ಆಗಬೇಕಾದ್ದೇನೂ ಇರಲಿಲ್ಲ. ‘ನಾಲ್ಕನೆಯ ಮಹಡಿಯವರು’ ಎನ್ನುವುದರ ಬದಲು ಯಾರಾದರೂ ಅವಳ ಹೆಸರು ಹಿಡಿದು ಕರೆಯಬೇಕಿತ್ತು. ಅದಕ್ಕೆ ಇದ್ದ ಒಂದು ದಾರಿಯೂ ಎರಡು ‘ಬ್ಯಾಡ’ಗಳಲ್ಲಿ ಮುಚ್ಚಿಹೋಗಿತ್ತು.

ಶುಕ್ರವಾರ ಬ್ಯಾಂಕಿನಿಂದ ನೇರ ದೇಶಮುಖ ಕಾಕು ಮನೆಗೆ ಹೋದೆ. ಬಿಸಿಲಿಗೆ ಗಂಟಲು ಒಣಗಿತ್ತು. ಕಾಕು “ಚಹಾ ತಗೋತೀರಾ?” ಎಂದರು. ನಾನು “ನಕೋ, ನಕೋ” ಎಂದೆ. ಅವರು ಕುರ್ಚಿ ಎಳೆದು ಎದುರಿಗೆ ಕೂತು, “ಹಾಂ, ಹೇಳಿ” ಎಂದರು.

ಒಣ ಗಂಟಲಿನಲ್ಲೇ ನಮ್ಮ ಸೀಮೆಯ ಶಾಸ್ತ್ರವನ್ನೆಲ್ಲ ವಿವರಿಸಿದೆ. ಮೊದಲನೆಯದು ಯಾಕೆ, ಎರಡನೆಯದು ಯಾಕೆ, ಮೂರನೆಯದಕ್ಕೆ ಏನು ಬೆಲೆ. ನನ್ನ ಹೆಂಡತಿ ಆರು ದಿನದಿಂದ ಮೂರನೆಯ ಪ್ರಶ್ನೆಗೆ ಕಾದದ್ದು, ಅಡುಗೆಮನೆಯಲ್ಲಿ ಬಾಡುತ್ತಿರುವ ಪುಂಡಿಸೊಪ್ಪು, ಕೊನೆಗೆ ನಾಸಿಕದ ಹಾಲಿನವನನ್ನೂ ಹೇಳಿದೆ. ಕಾಕು ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕೇಳಿದರು, “ಅಂದರೆ ಈಗ ನಿಮಗೆ ಚಹಾ ಬೇಕಿತ್ತು?”

“ಹೌದ್ರೀ” ಎಂದೆ.

ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಚಹಾ ಕೊಟ್ಟು ಹೇಳಿದರು: ಮೇಜುಗಳು ಮುಗಿದಿವೆ, ಜಾಗವೂ ಮುಗಿದಿದೆ, ಮಕ್ಕಳ ಜಾರುಬಂಡೆಯ ಕೆಳಗೆ ಒಂದಿಷ್ಟು ನೆರಳು ಮಾತ್ರ ಇದೆ, ಆದರೆ ಬರಬೇಕಾದವರು ತಾವೇ ಹೂಂ ಎನ್ನಬೇಕು, ಗಂಡ ಬಂದು ಶಿಫಾರಸು ಮಾಡಿದರೆ ನಡೆಯುವುದಿಲ್ಲ. ಹಾಗೆಂದು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಸುವರ್ಣಾ ಬಾಗಿಲು ತೆರೆದಳು. ಕಾಕು “ವಹಿನಿ, ಜಾರುಬಂಡೆಯ ಕೆಳಗೆ...” ಎನ್ನುವಷ್ಟರಲ್ಲಿ ಅವಳು “ಹೋ” ಎಂದುಬಿಟ್ಟಳು. ಮರಾಠಿಯಲ್ಲಿ ಒಪ್ಪಿಗೆಗೆ ಒಂದೇ ಅಕ್ಷರ ಸಾಕಾಗುವುದು ಎಷ್ಟು ದೊಡ್ಡ ಅನುಕೂಲವೆಂದು ಆವತ್ತು ತಿಳಿಯಿತು. ಅವ್ವ ಇದ್ದಿದ್ದರೆ ಖಂಡಿತ ಚಿವುಟುತ್ತಿದ್ದಳು.

ಶನಿವಾರ ಜಾರುಬಂಡೆಯ ಕೆಳಗೆ ನಮ್ಮ ಊಟದ ಮೇಜನ್ನೇ ಇಳಿಸಿದೆವು. ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ, ಎಲ್ಲರೂ ಮೋಮೊದ ಮುಂದೆ. ಸುವರ್ಣಾ ರೊಟ್ಟಿಯ ಬಟ್ಟೆ ಸರಿಮಾಡುತ್ತಾ ಮತ್ತೆ ಮತ್ತೆ ಸರಿಮಾಡುತ್ತಾ ನಿಂತಳು. ಜಾರಿ ಬಂದ ಒಂದು ಮಗು ನೇರ ಅವಳ ಕಾಲ ಬಳಿ ಬಿತ್ತು, ಅದಕ್ಕೆ ರೊಟ್ಟಿಯ ಚೂರು ಕೊಟ್ಟಳು. ಅದರ ಅಜ್ಜಿ ಹುಡುಕಿಕೊಂಡು ಬಂದು ಪುಂಡಿಪಲ್ಯ ನೋಡಿ, “ಅಗ್ಗಬಾಯಿ, ಅಂಬಾಡಿ!” ಎಂದು ಪುಂಡಿಯನ್ನು ಅದರ ಮರಾಠಿ ಹೆಸರಿನಿಂದ ಕರೆದು ಅಲ್ಲೇ ನಿಂತರು. ಒಬ್ಬರು ನಿಂತರೆ ನಾಲ್ವರು ನಿಲ್ಲುತ್ತಾರೆ. ಕತ್ತಲಾಗುವ ಮುಂಚೆ ರೊಟ್ಟಿಯ ಬುಟ್ಟಿ ಬರಿದಾಯಿತು. ನನಗೂ ಶ್ರುತಿಗೂ ಉಳಿದದ್ದು ಹಿಂಡಿಯ ಡಬ್ಬಿ ಮಾತ್ರ.

ಕೊನೆಯ ರೊಟ್ಟಿ ಸಿಕ್ಕಿದ್ದು ದೇಶಮುಖ ಕಾಕುಗೆ. ತಿಂದು, ಬೆರಳು ಚೀಪಿ, “ಸುವರ್ಣಾ, ಹೀಗೆ ಬಡಿಯುವುದು ನನಗೆ ಕಲಿಸ್ತೀರಾ?” ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು. ಹಿಂದಿನ ದಿನ ಒಂದೇ ಮಾತಿಗೆ ‘ಹೋ’ ಎಂದವಳು ಈಗ ಸೆರಗು ಎಳೆದುಕೊಂಡು, “ಅಯ್ಯ, ನನಗೇನ್ ಬರ್ತದ್ರೀ” ಎಂದಳು. ನಾನು ಕಾಕು ಮುಖ ನೋಡಿದೆ.

“ಕಲಿಸ್ತೀರಾ?” ಎಂದರು ಕಾಕು.

“ಬ್ಯಾಡ್ರಿ, ಸುಮ್ನ ನಿಮಗ ತ್ರಾಸ್.”

ಕಾಕು ತಟ್ಟೆ ಕೆಳಗಿಟ್ಟರು. ಕೈ ಒರೆಸಿಕೊಂಡರು. ಅವಸರವಿಲ್ಲದೆ, ಗಣಿತದ ಮೇಷ್ಟರು ಕೊನೆಯ ಸಾಲು ಬರೆಯುವಷ್ಟು ಸ್ಪಷ್ಟವಾಗಿ ಮೂರನೆಯ ಸಲ ಕೇಳಿದರು.

“ನಾಳಿಗಿ ಹನ್ನೊಂದಕ್ಕ ಬರ್ರಿ” ಎಂದಳು ಸುವರ್ಣಾ.